ಐದನೆಯ ಸಾಲು

ಬಾಗಲಕೋಟೆ, ೧೧ ಫೆಬ್ರುವರಿ ೧೯೫೭

ತೀರ್ಥರೂಪ ವಾಸುದೇವ ಕಾಕಾ ಅವರಿಗೆ ಪ್ರೇಮಾಬಾಯಿಯ ನಮಸ್ಕಾರಗಳು.

ನಾನು ಆರಾಮ ಇದ್ದೇನೆ. ನಮ್ಮ ಘಟಪ್ರಭಾ ಸಾರ್ವಜನಿಕ ದವಾಖಾನೆ ಆರಾಮ ಇಲ್ಲ. ನವೆಂಬರಿನಲ್ಲಿ ರಾಜ್ಯ ಒಂದಾಯಿತೆಂದು ನೀವು ಇಳಕಲ್ಲಿನ ಓಣಿಗೆಲ್ಲ ಸಕ್ಕರೆ ಹಂಚಿದಿರಿ. ಅದೇ ಹುರುಪಿನಲ್ಲಿ ನಮ್ಮ ಪಂಚ ಕಮಿಟಿಯವರು ಮೈಸೂರು ಕಡೆಯಿಂದ ಒಬ್ಬ ಡಾಕ್ಟರರನ್ನು ಕರೆಸಿಕೊಂಡರು. ಒಳ್ಳೆಯವರು, ಕಲಿತವರು, ಲಂಚ ಮುಟ್ಟದವರು. ಆದರೆ ರೋಗಿ ಆಡುವ ಕನ್ನಡ ಅವರಿಗೆ ತಿಳಿಯುವುದಿಲ್ಲ. ತಿಳಿಯುತ್ತಿಲ್ಲವೆಂಬುದೂ ತಿಳಿಯುವುದಿಲ್ಲ.

ಕುರಿ ಕಾಯುವ ಅಮಸಿದ್ದಪ್ಪ ಬಂದು, ಎಂಟು ದಿನದಿಂದ ಜಡ್ಡಾಗಿದೆ ಎಂದ. ನಮ್ಮಲ್ಲಿ ಜಡ್ಡೆಂದರೆ ರೋಗ. ಅವರಲ್ಲಿ ಅಂಗಾಲಿನ ಗಟ್ಟಿ ಚರ್ಮವಂತೆ. ಕಾಲು ತೋರಿಸು ಎಂದರು. ದೊಡ್ಡ ಡಾಕ್ಟರರ ಪದ್ಧತಿ ಇದೇ ಇರಬೇಕೆಂದು ಪಾಪ, ಜ್ವರದಲ್ಲಿ ನಡುಗುತ್ತ ಎರಡೂ ಕಾಲು ಎತ್ತಿ ತೋರಿಸಿದ. ರಂಗವ್ವ ಎಂಬಾಕೆ “ಹೊಟ್ಟಿ ಕಡಿತೈತ್ರಿ” ಅಂದಳು. ಹೊಟ್ಟೆನೋವಿನವಳಿಗೆ ತುರಿಕೆಯ ಮುಲಾಮು ಬರೆದುಕೊಟ್ಟರು. ಆಕೆ ಅದನ್ನು ನುಂಗುವ ಮೊದಲು ನಾನು ಕೈಯಿಂದ ಕಸಿದುಕೊಂಡೆ.

ರೋಗಿ ಆಡಿದ ಮಾತನ್ನು ಆಡಿದ ಹಾಗೆ, ಪಕ್ಕದಲ್ಲಿ ಅರ್ಥವನ್ನು, ಕೇಸ್ ಪೇಪರಿನ ಮೇಲ್ಗಡೆ ಬರೆಯಿರಿ ಎಂದು ನನ್ನ ನರ್ಸುಗಳಿಗೆ ಹೇಳಿದೆ. ನಾಲ್ಕೇ ದಿನ ನಡೆಯಿತು. “ಸಿಸ್ಟರ್, ಕೇಸ್ ಪೇಪರಿನ ಮೇಲೆ ಒಂದೇ ಕೈ ಬರೆಯಬೇಕು” ಎಂದರು ಡಾಕ್ಟರರು. ವಾದ ಮಾಡಿದರೆ ಗೆಲ್ಲುತ್ತಿದ್ದೆ. ಗೆದ್ದ ಮರುದಿನದಿಂದ ಅವರು ನನ್ನನ್ನು ಏನೂ ಕೇಳುತ್ತಿರಲಿಲ್ಲ. ಹದಿನಾಲ್ಕು ವರ್ಷದಿಂದ ಹೆಡ್ ನರ್ಸ್ ಆಗಿರುವವಳಿಗೆ ಇಷ್ಟು ತಿಳಿಯದೆ?

ಅದಕ್ಕೇ ಬೇರೆ ದಾರಿ ಹಿಡಿದಿದ್ದೇನೆ. ರೋಗಿಗಳು ಆಡುವ ನಲವತ್ತು ಮಾತು, ಅವುಗಳ ಅರ್ಥ ಬರೆದ ಪಟ್ಟಿಯೊಂದನ್ನು ಇದರ ಜೊತೆ ಕಳಿಸಿದ್ದೇನೆ. ನರ್ಸ್ ಬರೆದದ್ದು ಅವರ ಗೋಡೆ ಏರುವುದಿಲ್ಲ, ಕನ್ನಡ ಶಾಲೆಯ ನಿವೃತ್ತ ಹೆಡ್ಮಾಸ್ತರರಾದ ನೀವು ಬರೆದದ್ದು ಏರುತ್ತದೆ. ನಿಮ್ಮ ದುಂಡು ಅಕ್ಷರದಲ್ಲಿ ನಕಲು ಮಾಡಿ, ಕೆಳಗೆ ನಿಮ್ಮ ಸಹಿ ಹಾಕಿ ಕಳಿಸಿ. ಇದ್ದದ್ದು ಇದ್ದ ಹಾಗೆ ಇರಲಿ.

ನಿಮ್ಮ
ಪ್ರೇಮಾ


ಇಳಕಲ್ಲ, ೧೮ ಫೆಬ್ರುವರಿ ೧೯೫೭

ಚಿ. ಪ್ರೇಮಾಬಾಯಿಗೆ ಆಶೀರ್ವಾದ.

ನಿನ್ನ ಪತ್ರ ಓದಿ ಮೈ ಉರಿಯಿತು. ೧೯೩೪ರಲ್ಲಿ, ಮದುವೆಯಾದ ವರ್ಷದೊಳಗೆ ಗಂಡನನ್ನು ಕಳೆದುಕೊಂಡು ಬಂದ ನಿನ್ನನ್ನು ನರ್ಸ್ ವಿದ್ಯೆ ಕಲಿಯಲು ಮಿರಜಿಗೆ ಕಳಿಸಿದವನು ನಾನು. ಕಂಡವರ ಮಲಮೂತ್ರ ಬಳಿಯುವ ಹುಡುಗಿಯ ಮನೆ ಎಂದು ಈ ಓಣಿಯವರು ನಮ್ಮಲ್ಲಿ ಶ್ರಾದ್ಧದ ಊಟಕ್ಕೆ ಬರುವುದನ್ನು ಬಿಟ್ಟರು. ಬಿಟ್ಟವರ ಹೆಸರು ಇವತ್ತಿಗೂ ಹೇಳಬಲ್ಲೆ, ಒಟ್ಟು ಹನ್ನೊಂದು ಮಂದಿ. ಇಷ್ಟೆಲ್ಲ ಮಾಡಿದ್ದು, ನೀನು ಕಲಿತದ್ದನ್ನು ಇನ್ನೊಬ್ಬನ ಹೆಸರಿನಲ್ಲಿ ಕಳ್ಳಸಾಗಣೆ ಮಾಡಲೆಂದೇ? ಗೊತ್ತಿದ್ದವರು ಗೊತ್ತಿದೆ ಎಂದು ಎದೆ ತಟ್ಟಿ ಹೇಳಬೇಕು.

ಇನ್ನೊಂದು ಮಾತು. ಹುನಗುಂದದ ಕಚೇರಿಯಲ್ಲಿ ಮರಾಠಿ ಮಾಮಲೇದಾರರು ಕೂತಿದ್ದಾಗ ನಾವು ಐವತ್ತು ವರ್ಷ ದುಭಾಷಿಯ ಬಾಯಿಂದ ನ್ಯಾಯ ಕೇಳಿದವರು. ಈಗ ಕನ್ನಡಿಗನಿಗೂ ಕನ್ನಡಿಗನಿಗೂ ನಡುವೆ ದುಭಾಷಿ ಬೇಕೆಂದು ನೀನೇ ಬರೆಯುತ್ತೀ. ಭಾಷೆ ಒಂದೇ, ಪ್ರೇಮಾ. ನಮ್ಮ ಜನರ ಉಚ್ಚಾರ ಕೆಟ್ಟಿದೆ, ಅಷ್ಟೇ. ಅದನ್ನು ತಿದ್ದಿದರೆ ಮೈಸೂರಿನವನಿಗೂ ತಿಳಿಯುತ್ತದೆ, ಮಂಗಳೂರಿನವನಿಗೂ ತಿಳಿಯುತ್ತದೆ.

ಆದರೂ ಪಟ್ಟಿ ಮಾಡಿ ಮುಗಿಸಿದ್ದೇನೆ. ಇದ್ದ ಹಾಗೇ ಬರೆಯಲು ನಾನೇಕೆ ಬೇಕು? ಎರಡು ಮೂರು ಕಡೆ ಗ್ರಂಥಸ್ಥ ರೂಪಕ್ಕೆ ತಂದೆ. ಗೋಡೆಗೆ ತೂಗುವ ಹಾಳೆಯಲ್ಲಿ ಇರಬಾರದಂಥ ಮಾತುಗಳನ್ನು ಸಭ್ಯವಾಗಿಸಿದೆ. ಮೊನ್ನೆ ರಜಿಸ್ಟರ್ ಅಂಚೆಯಲ್ಲಿ ನೇರ ಡಾಕ್ಟರರ ಹೆಸರಿಗೇ ಕಳಿಸಿದ್ದೇನೆ. ಇಬ್ಬರು ಗೃಹಸ್ಥರ ನಡುವಿನ ವ್ಯವಹಾರ ಹಾಗೇ ನಡೆಯಬೇಕು.

ವಾಸುದೇವ


ಬಾಗಲಕೋಟೆ, ೯ ಮಾರ್ಚ್ ೧೯೫೭

ಕಾಕಾ ಅವರಿಗೆ ನಮಸ್ಕಾರ.

ಪಟ್ಟಿ ಬಂದಿದೆ. ಡಾಕ್ಟರರು ಅದಕ್ಕೆ ಗಾಜು ಹಾಕಿಸಿ ತಮ್ಮ ಕುರ್ಚಿಯ ಹಿಂದೆ ತೂಗಿಸಿದ್ದಾರೆ. ನಾನು ಅಲ್ಲಿಗೆ ಹೋದಾಗ ರೋಗಿಗಳ ಸಾಲಿತ್ತು. ದೂರದಿಂದ ನಿಮ್ಮ ಅಕ್ಷರ ಕಂಡಿತು, ಸಹಿ ಕಂಡಿತು. “ನೋಡಿ ಸಿಸ್ಟರ್, ನಿಮ್ಮ ಚಿಕ್ಕಪ್ಪನವರು ಎಷ್ಟು ತಿಳಿದವರು. ನೀವೂ ಸ್ವಲ್ಪ ಓದಿಕೊಳ್ಳಿ” ಎಂದರು. ಓದಿಕೊಳ್ಳುತ್ತೇನೆ ಎಂದು ಹೇಳಿ ವಾರ್ಡಿಗೆ ಬಂದೆ. ಹಲ್ಲು ಕಚ್ಚಿ ಕಚ್ಚಿ ಸಂಜೆಗೆ ದವಡೆ ನೋಯುತ್ತಿತ್ತು.

ಆದರೆ ಕೆಲಸ ಆಗುತ್ತಿದೆ. ಈಗ ಜಡ್ಡೆಂದರೆ ಕಾಲು ನೋಡುವುದಿಲ್ಲ. ಹೆಸರು ಯಾರದಾದರೇನು? ನನ್ನ ಹೊಟ್ಟೆಯುರಿಗೆ ಪಟ್ಟಿಯಲ್ಲಿ ಜಾಗವಿಲ್ಲ.

ಏಪ್ರಿಲ್ ಮೇ ಎರಡೂ ತಿಂಗಳು ನನಗೆ ಊರೂರು ತಿರುಗಾಟವಿದೆ. ಸೂಲಗಿತ್ತಿಯರಿಗೆ ತರಬೇತಿ ಕೊಡಬೇಕೆಂದು ಎಂಟು ವರ್ಷದಿಂದ ಕೇಳುತ್ತಿದ್ದೆ, ಈಗ ಕಮಿಟಿ ಒಪ್ಪಿದೆ. ಕಮಿಟಿಯ ಅಧ್ಯಕ್ಷ ಪಂಢರೀನಾಥರಾಯರು, ಅವರೇ, ನಿಮ್ಮ ಹಳೆಯ ವಿದ್ಯಾರ್ಥಿ, ತಮ್ಮದೇ ವಿಚಾರವೆಂದು ಸಭೆಯಲ್ಲಿ ಹೇಳಿಕೊಂಡರು. ನಾನು ಚಪ್ಪಾಳೆ ತಟ್ಟಿದೆ.

ಪ್ರೇಮಾ


ಇಳಕಲ್ಲ, ೨೭ ಮೇ ೧೯೫೭

ಚಿ. ಪ್ರೇಮಾಬಾಯಿಗೆ.

ಎರಡು ತಿಂಗಳಿಂದ ನಿನ್ನದು ಒಂದು ಕಾರ್ಡೂ ಇಲ್ಲ. ಬಾಗಲಕೋಟೆಯಿಂದ ಬಂದ ನೂಲಿನ ವ್ಯಾಪಾರಿ ಅಹ್ಮದಸಾಬ ಹೇಳಿದ ಮೇಲೆ ನನಗೆ ತಿಳಿಯಬೇಕೇ? ಶಿರೂರಿನ ಹುಚ್ಚವ್ವ ಎಂಬ ಹೆಣ್ಣುಮಗಳು ಭೇದಿ ಹಿಡಿದು ನಿಮ್ಮ ದವಾಖಾನೆಗೆ ಬಂದಳಂತೆ. ಬೇರೇನೋ ಔಷಧ ಕೊಟ್ಟು ಮನೆಗೆ ಕಳಿಸಿದರಂತೆ. ಮರುದಿನ ಮಧ್ಯಾಹ್ನ ಸತ್ತಳಂತೆ. ಅದೇ ಓಣಿಯಲ್ಲಿ ಇನ್ನೂ ನಾಲ್ಕು ಮಂದಿ ಹಾಸಿಗೆ ಹಿಡಿದು ಬದುಕಿಕೊಂಡರಂತೆ. ಶಹರಬಾನು ಎಂಬ ನರ್ಸಿನ ಮೇಲೆ ವಿಚಾರಣೆ ನಡೆದಿದೆಯಂತೆ.

೧೯೧೮ರ ಜ್ವರದಲ್ಲಿ ಹುನಗುಂದದಲ್ಲಿ ಹೆಣ ಹೊರಲು ಜನ ಸಿಕ್ಕಲಿಲ್ಲ. ಆಗ ಡಾಕ್ಟರರೇ ಇರಲಿಲ್ಲ, ದೂರುವುದು ಯಾರನ್ನು? ಈಗ ಡಾಕ್ಟರರಿದ್ದಾರೆ, ಕಟ್ಟಡವಿದೆ, ಕಮಿಟಿಯಿದೆ, ಹೆಡ್ ನರ್ಸ್ ಆಗಿ ನೀನಿದ್ದೀ. ಭೇದಿ ಎಂಬುದನ್ನು ಗುರುತಿಸಲಾಗದ ಅರೆಬರೆ ಕಲಿತವರು ಯಾರು? ಪತ್ರಿಕೆಗೆ ಬರೆದಿದ್ದೇನೆ, ನಕಲು ಇದರಲ್ಲಿದೆ. ತಪ್ಪು ಮಾಡಿದವರ ಹೆಸರು ಬಯಲಿಗೆ ಬರಬೇಕು, ಎಷ್ಟೇ ದೊಡ್ಡವರಿರಲಿ, ಎಂದು ಕೊನೆಯಲ್ಲಿ ಹಾಕಿದ್ದೇನೆ. ನಿನ್ನ ಮೌನ ನನಗೆ ಸರಿ ಕಾಣುತ್ತಿಲ್ಲ.

ವಾಸುದೇವ


ಬಾಗಲಕೋಟೆ, ೧ ಜೂನ್ ೧೯೫೭

ಕಾಕಾ ಅವರಿಗೆ ನಮಸ್ಕಾರ.

ಆ ದಿನ ನಾನು ಚೊಳಚಗುಡ್ಡದಲ್ಲಿ ಸೂಲಗಿತ್ತಿಯರ ಜೊತೆ ಇದ್ದೆ. ವಿಚಾರಣೆ ಎಂಟನೆಯ ತಾರೀಖಿಗಿದೆ. ಶಹರಬಾನು ಒಂಬತ್ತು ವರ್ಷದಿಂದ ನನ್ನ ಕೈಕೆಳಗಿದ್ದಾಳೆ. ಆಕೆಯ ಸಂಬಳದ ಮೇಲೆ ಮನೆಯಲ್ಲಿ ಐದು ಬಾಯಿಗಳಿವೆ. ಆಕೆಯನ್ನು ತೆಗೆಯುವುದು ಎಂದು ಆಗಲೇ ಮಾತಾಗಿದೆ.

ನಾನು ಫೆಬ್ರುವರಿಯಲ್ಲಿ ಕಳಿಸಿದ ಮೂಲ ಪಟ್ಟಿ, ನನ್ನ ಕೈಬರಹದ್ದು, ನಿಮ್ಮಲ್ಲಿ ಇದ್ದೇ ಇರುತ್ತದೆ. ನೀವು ಯಾವ ಕಾಗದವನ್ನೂ ಎಸೆದವರಲ್ಲ. ದಯವಿಟ್ಟು ಈ ಪತ್ರ ಮುಟ್ಟಿದ ದಿನವೇ ಅದನ್ನು ನನಗೆ ಕಳಿಸಿ. ಯಾರಿಗೂ ತೋರಿಸಬೇಡಿ. ಪತ್ರಿಕೆಗೆ ಇನ್ನು ಬರೆಯಬೇಡಿ. ಕಾರಣ ಕೇಳಬೇಡಿ.

ಪ್ರೇಮಾ


ಇಳಕಲ್ಲ, ೪ ಜೂನ್ ೧೯೫೭

ಚಿ. ಪ್ರೇಮಾಬಾಯಿಗೆ.

ತೋರಿಸಬೇಡಿ, ಬರೆಯಬೇಡಿ, ಕೇಳಬೇಡಿ. ಮೂರು ಬೇಡಿಗಳ ಪತ್ರ. ಮೂವತ್ತೊಂದು ವರ್ಷ ಹುಡುಗರ ಉತ್ತರಪತ್ರಿಕೆ ನೋಡಿದವನಿಗೆ, ಯಾವ ಹುಡುಗ ಯಾಕೆ ಪಾಟಿಯನ್ನು ಬೆನ್ನ ಹಿಂದೆ ಅಡಗಿಸುತ್ತಾನೆಂದು ತಿಳಿಯುತ್ತದೆ. ಪಟ್ಟಿಯಲ್ಲಿ ನೀನು ಏನೋ ತಪ್ಪಿದ್ದೀ. ಅದಕ್ಕೇ ಕಾಗದ ನಿನ್ನ ಕೈಗೆ ಬೇಕಾಗಿದೆ.

ಕಳಿಸುವುದಿಲ್ಲ. ವಿಚಾರಣೆಯ ನಡುವೆ ಸಾಕ್ಷಿಯ ಕಾಗದ ಕೈ ಬದಲಿಸಬಾರದು. ಕಮಿಟಿ ಬರಹದಲ್ಲಿ ಕೇಳಿದರೆ ಕಮಿಟಿಗೆ ಕೊಡುತ್ತೇನೆ. ನೀನು ನನ್ನ ಅಣ್ಣನ ಮಗಳು ಎಂದು ರಿಯಾಯಿತಿ ಇಲ್ಲ. ತಪ್ಪಿದ್ದರೆ ಎದ್ದು ನಿಂತು ತಪ್ಪಾಯಿತೆನ್ನು. ದೊಡ್ಡ ಜಾಗದಲ್ಲಿ ಕೂತವರು ಮೊದಲು ಕಲಿಯುವುದೇ ಮುಚ್ಚಿಡುವುದನ್ನು. ನೀನೂ ಕಲಿತೆಯಲ್ಲ ಎಂದು ಸಂಕಟವಾಗುತ್ತದೆ.

ವಾಸುದೇವ


ಇಳಕಲ್ಲ, ೯ ಜೂನ್ ೧೯೫೭

ಪ್ರೇಮಾ,

ನಿನ್ನ ತಪ್ಪು ಯಾವುದೆಂದು ನೋಡಲು ಇವತ್ತು ಪೆಟ್ಟಿಗೆ ತೆಗೆದೆ. ನಿನ್ನ ಕಾಗದ, ನನ್ನ ಕಚ್ಚಾ ಪ್ರತಿ ಎರಡನ್ನೂ ಅಕ್ಕಪಕ್ಕ ಇಟ್ಟೆ.

ಐದನೆಯ ಸಾಲಿನಲ್ಲಿ ನೀನು ಬರೆದದ್ದು: ಹೊರಕಡಿ ಆಗೇತಿ, ಅಂದರೆ ಭೇದಿ.

ನಾನು ಬರೆದದ್ದು: ಹೊರಕಡಿ ಆಗೇತಿ, ಅಂದರೆ ಹೊರಗಾಗಿದೆ.

ಭೇದಿ ಎಂಬ ಮಾತು ಗೋಡೆಯ ಮೇಲೆ ಬೇಡವೆನಿಸಿತ್ತು. ಹೊರಕಡಿ ಎಂಬುದನ್ನೇ ಶುದ್ಧ ಮಾಡಿದರೆ ಸಾಕೆಂದುಕೊಂಡೆ. ಇವತ್ತು ಎರಡನ್ನೂ ನೋಡಿದ ಮೇಲೆ, ಬೆಂಗಳೂರಿನಲ್ಲಿ ನಾಲ್ಕು ವರ್ಷ ಇದ್ದು ಬಂದ ಪಕ್ಕದ ಮನೆಯ ಸುಲಭಾಳನ್ನು ಕೇಳಿದೆ, ಆ ಕಡೆ ಹೊರಗಾಗಿದೆ ಅಂದರೆ ಏನೆಂದು. ಆಕೆ ನಾಚಿ ಒಳಗೆ ಹೋದಳು, ಆಮೇಲೆ ತನ್ನ ತಾಯಿಯಿಂದ ಹೇಳಿಸಿದಳು. ಅವರಲ್ಲಿ ಅದು ಹೆಂಗಸರು ತಿಂಗಳಿಗೊಮ್ಮೆ ದೂರ ಕೂಡುವುದಕ್ಕೆ ಹೇಳುವ ಮಾತಂತೆ.

ಹುಚ್ಚವ್ವನ ವಿಷಯದಲ್ಲಿ ಆದದ್ದು ಇದೇ ಸಾಲೇ? ಇಲ್ಲ ಎನ್ನು. ಮರು ಅಂಚೆಗೆ ಉತ್ತರ ಬೇಕು. ನಿನ್ನ ಕಾಗದವನ್ನು ಇದರಲ್ಲಿ ಇಟ್ಟಿದ್ದೇನೆ.


ಬಾದಾಮಿ, ೧೬ ಜೂನ್ ೧೯೫೭

ಕಾಕಾ ಅವರಿಗೆ ನಮಸ್ಕಾರ.

ನಿಮ್ಮ ಪತ್ರ ಬಾಗಲಕೋಟೆಗೆ ಹೋಗಿ ಇಲ್ಲಿಗೆ ಬಂತು. ಇದೇ ಸಾಲು.

ಅವತ್ತು ನಡೆದದ್ದನ್ನು ಶಹರಬಾನು ಹೇಳಿದ ಹಾಗೆ ಬರೆಯುತ್ತೇನೆ. ಸಂತೆಯ ದಿನ, ತೊಂಬತ್ತು ರೋಗಿಗಳು. ಹುಚ್ಚವ್ವ “ಹೊರಕಡಿ ಭಾಳ ಆಗೇತ್ರಿ” ಅಂದಳು. ಡಾಕ್ಟರರು ತಿರುಗಿ ಪಟ್ಟಿ ನೋಡಿದರು. ಎಂದಿನಿಂದ ಎಂದರು. ನಿನ್ನೆಯಿಂದ ಎಂದಳು. ಬಹಳ ಹೋಗುತ್ತಿದೆಯೇ ಎಂದರು. “ಭಾಳರಿ, ನಿಂದ್ರವಲ್ದು” ಅಂದಳು. ನೋಡಿ, ಇಬ್ಬರೂ ಕನ್ನಡದಲ್ಲೇ ಮಾತಾಡಿದರು, ಒಂದು ಮಾತೂ ತಪ್ಪಲಿಲ್ಲ. ನಾಡಿ ಸಣ್ಣಗಿತ್ತು. ರಕ್ತ ಹೋಗಿ ಸೋತಿದ್ದಾಳೆಂದು ರಕ್ತ ನಿಲ್ಲುವ ಔಷಧ ಬರೆದು, ಮನೆಯಲ್ಲಿ ಮಲಗಿರು ಎಂದರು. ಶಹರಬಾನು ಮುಂದೆ ಹೋಗಿ, “ಸಾಹೇಬ್ರ, ಆಕಿ ಅನ್ನೂದು ಬ್ಯಾರೇರಿ” ಅಂದಳು. ಅವರು ಗಾಜಿನ ಕಡೆ ಬೆರಳು ಮಾಡಿ, “ಓದಲು ಬರುತ್ತದಲ್ಲ? ಐದನೆಯ ಸಾಲು ಓದಿ” ಎಂದರು. ಆಕೆ ಓದಿದಳು. ಕೆಳಗೆ ನಿಮ್ಮ ಸಹಿ ಇತ್ತು. ಮುಂದಿನ ರೋಗಿಯನ್ನು ಕರೆದಳು.

ವಿಚಾರಣೆಯಲ್ಲಿ ಪಂಢರೀನಾಥರಾಯರು ಹೇಳಿದ್ದು: ನಮ್ಮ ಮಾಸ್ತರರ ಬರಹದಲ್ಲಿ ತಪ್ಪಿರಲು ಸಾಧ್ಯವಿಲ್ಲ, ನರ್ಸಿಗೆ ಗೊತ್ತಿದ್ದರೆ ಮೇಲಿನವರಿಗೆ ವರದಿ ಮಾಡಬೇಕಿತ್ತು, ಆದ್ದರಿಂದ ನರ್ಸನ್ನು ತೆಗೆಯುವುದು. ಬರೆಯಲು ಬಿಡದವರು, ವರದಿ ಯಾಕೆ ಮಾಡಲಿಲ್ಲ ಎಂದು ಕೇಳಿದರು. ನನ್ನ ಮೂಲ ಕಾಗದ ಕೈಯಲ್ಲಿದ್ದರೆ ಆಕೆ ಹೇಳಿದ್ದು ಸರಿಯೆಂದು ತೋರಿಸಬಹುದಿತ್ತು. ಕಾಗದ ಇರಲಿಲ್ಲ. ಹಾಗಾಗಿ ಎದ್ದು ನಿಂತು, ಪಟ್ಟಿ ನನ್ನದು, ಕಾಕಾ ನಕಲು ಮಾಡಿದರು, ತಪ್ಪು ನನ್ನದು ಎಂದೆ. ಕಾಗದ ಬಂದಿದ್ದರೂ ನಿಮ್ಮ ಹೆಸರು ಹೇಳುತ್ತಿದ್ದೆನೋ ಇಲ್ಲವೋ, ಖರೆ ಹೇಳಬೇಕೆಂದರೆ ಗೊತ್ತಿಲ್ಲ.

ಶಹರಬಾನು ಉಳಿದಳು. ನನ್ನನ್ನು ಹೆಡ್ ನರ್ಸಿನ ಜಾಗದಿಂದ ಇಳಿಸಿ, ಬಾದಾಮಿಯ ಎರಡು ಕೋಣೆಯ ಶಾಖೆಗೆ ಹಾಕಿದ್ದಾರೆ. ಹೊರಡುವ ಮೊದಲು ಡಾಕ್ಟರರ ಕೋಣೆಗೆ ಹೋಗಿ ಪಟ್ಟಿ ಇಳಿಸಿದೆ. ಅವರು ತಡೆಯಲಿಲ್ಲ, ಮೇಜಿನ ಮೇಲೆ ಕೈಯೂರಿ ಕೂತಿದ್ದರು.

ನನ್ನ ಪಾಲಿನ ತಪ್ಪೂ ಇದೆ. ಗೋಡೆಯ ಮುಂದೆ ನಿಂತು ನಲವತ್ತು ಸಾಲು ಓದಿದ್ದರೆ ಮಾರ್ಚಿನಲ್ಲೇ ಸಿಕ್ಕುತ್ತಿತ್ತು. ನಾನೇ ಬರೆದದ್ದನ್ನು ಅವರ ಮುಂದೆ ನಿಂತು ಕಲಿಯುವವಳಂತೆ ಓದಲು ಮನಸ್ಸಾಗಲಿಲ್ಲ.

ಪ್ರೇಮಾ


ಇಳಕಲ್ಲ, ೩ ಜುಲೈ ೧೯೫೭

ಪ್ರೇಮಾ,

ನಿನ್ನನ್ನು ಕೇಳದೆ ಕಮಿಟಿಗೆ ಬರೆದೆ. ನನ್ನ ಕಚ್ಚಾ ಪ್ರತಿಯನ್ನೇ ಇಟ್ಟು, ತಪ್ಪು ನನ್ನದು, ಪ್ರೇಮಾಬಾಯಿ ಬರೆದದ್ದು ಸರಿಯಿತ್ತು, ಆಕೆಯನ್ನು ಮೊದಲಿನ ಜಾಗಕ್ಕೆ ತನ್ನಿ ಎಂದೆ. ಪಂಢರೀನಾಥ ಉತ್ತರ ಬರೆದಿದ್ದಾನೆ. ನಲವತ್ತು ವರ್ಷದಲ್ಲಿ ನಾನು ಬರೆದ ಯಾವ ತಕರಾರು ಅರ್ಜಿಗೂ ಇಷ್ಟು ಮರ್ಯಾದೆಯ ಉತ್ತರ ಬಂದಿರಲಿಲ್ಲ. ತಮ್ಮಂಥ ವಿದ್ವಾಂಸರು ಅಣ್ಣನ ಮಗಳ ಮೇಲಿನ ಮಮತೆಯಿಂದ ತಪ್ಪನ್ನು ತಮ್ಮ ಮೇಲೆ ಎಳೆದುಕೊಳ್ಳುತ್ತಿರುವುದು ತಮ್ಮ ದೊಡ್ಡ ಗುಣ ಎಂದಿದ್ದಾನೆ. ಪ್ರಕರಣ ಮುಗಿದಿದೆಯಂತೆ. ಕಮಿಟಿಯ ಠರಾವಿನ ಪ್ರತಿಯನ್ನೂ ಇಟ್ಟಿದ್ದಾನೆ. ಅದರಲ್ಲಿ ಮೊದಲನೆಯ ಕಾರಣ, ರೋಗಿಯು ತನ್ನ ಬೇನೆಯನ್ನು ಸರಿಯಾಗಿ ಹೇಳಲಿಲ್ಲ ಎಂಬುದು. ಎರಡನೆಯದು ನೀನು.

ಪತ್ರಿಕೆಗೂ ಬರೆದೆ. ಬೇರೆಯವರ ತಪ್ಪು ಬರೆದಾಗ ಮೂರೇ ದಿನದಲ್ಲಿ ಹಾಕಿದ ಸಂಪಾದಕರು, ನನ್ನದನ್ನು ಬರೆದಾಗ “ತಮ್ಮ ಗೌರವದ ದೃಷ್ಟಿಯಿಂದ ಪ್ರಕಟಿಸಲಾಗುವುದಿಲ್ಲ” ಎಂದು ತಿರುಗಿ ಕಳಿಸಿದರು. ನಾನು ತಪ್ಪು ಮಾಡಿದ್ದೇನೆಂದು ಒಬ್ಬರಾದರೂ ಒಪ್ಪಬೇಕಲ್ಲ! ಬಾಗಲಕೋಟೆಗೆ ಹೋಗಿ ಕಮಿಟಿಯ ಬಾಗಿಲಲ್ಲಿ ಕೂಡುತ್ತೇನೆ. ನನ್ನ ಕ್ಷಮೆ ನಿನಗೆ ಹೇಗೆ ಮುಟ್ಟಿಸಲಿ ಹೇಳು.

ವಾಸುದೇವ


ಬಾದಾಮಿ, ೮ ಜುಲೈ ೧೯೫೭

ಕಾಕಾ,

ಬಾಗಲಕೋಟೆಗೆ ಹೋಗಬೇಡಿ. ನಿಮಗೆ ಕುರ್ಚಿ ಹಾಕಿ ಚಹಾ ಕೊಡುತ್ತಾರೆ. ನನಗೆ ನಿಮ್ಮ ಕ್ಷಮೆ ಬೇಡ. ಮಿರಜಿಗೆ ಕಳಿಸಿದ್ದು ಬೇರೆ, ಇದು ಬೇರೆ. ಒಂದರಿಂದ ಒಂದನ್ನು ಕಳೆಯಲು ನನಗೆ ಬರುವುದಿಲ್ಲ. ಇಪ್ಪತ್ತಮೂರು ವರ್ಷ ನಿಮ್ಮ ಮುಂದೆ ದನಿ ಎತ್ತಿಲ್ಲ, ಇವತ್ತು ಎತ್ತುತ್ತೇನೆ. ನೀವು ಕಮಿಟಿಗೆ ಬರೆದಿರಿ, ಸಂಪಾದಕರಿಗೆ ಬರೆದಿರಿ, ನನಗೆ ಬರೆದಿರಿ. ಓದು ಬಲ್ಲವರಿಗೆಲ್ಲ ಬರೆದಿರಿ. ಹುಚ್ಚವ್ವನಿಗೆ ಗಂಡನಿದ್ದಾನೆ. ಹುಲ್ಲಪ್ಪ ಎಂದು, ಬೀರಪ್ಪನ ಗುಡಿಯ ಹತ್ತಿರ ಮನೆ. ನಮ್ಮ ದವಾಖಾನೆಯವರು ಯಾರೂ ಅಲ್ಲಿಗೆ ಹೋಗಿಲ್ಲ. ಹಣೆಬರಹ ಎಂದು ಹೇಳಿ ಕಳಿಸಿದ್ದಾರೆ. ನಾನು ಹೋಗಲು ಕೇಳಿದೆ, ದವಾಖಾನೆಯ ಪರವಾಗಿ ಮಾತಾಡುವ ಅಧಿಕಾರ ನಿಮಗಿಲ್ಲ ಎಂದು ಬರಹದಲ್ಲಿ ಬಂತು. ನಿಮಗೆ ಯಾರ ಅಪ್ಪಣೆಯೂ ಬೇಕಿಲ್ಲ.

ಶಿರೂರಿಗೆ ಹೋಗಿ. ಹೋಗಿ ಅವನಿಗೆ ಹೇಳಿ. ನಿಮ್ಮ ಗ್ರಂಥದ ಮಾತಿನಲ್ಲಿ ಬೇಡ.

ಪ್ರೇಮಾ


ಇಳಕಲ್ಲ, ೧೭ ಜುಲೈ ೧೯೫೭

ಪ್ರೇಮಾ,

ಸೋಮವಾರ ಶಿರೂರಿಗೆ ಹೋಗಿದ್ದೆ. ಹುಲ್ಲಪ್ಪ ಮನೆಯ ಮುಂದೆ ಕುರಿಯ ಗಾಯಕ್ಕೆ ಸುಣ್ಣ ಹಚ್ಚುತ್ತಿದ್ದ. ನನ್ನ ಕೋಟು ರುಮಾಲು ನೋಡಿ, ಸರಕಾರದವನೆಂದು ಎದ್ದು ನಿಂತ. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತನ್ನು ಆಡತೊಡಗಿದೆ. ನನ್ನ ಅನವಧಾನದಿಂದ ಸಂಭವಿಸಿದ ಪ್ರಮಾದ ಎಂದೆ. ಅವನು ನನ್ನ ಬಾಯಿ ನೋಡಿದ. “ಏನಂತೀರ್ರಿ ತಿಳಿವಲ್ದು” ಅಂದ.

ಮನೆಯಲ್ಲಿ ನಿನ್ನ ಕಾಕೂನ ಜೊತೆ ಆಡುತ್ತಿದ್ದ ಮಾತು ಆಕೆ ತೀರಿಹೋದ ಮೇಲೆ ನನ್ನ ಬಾಯಿಗೆ ಬಂದಿರಲಿಲ್ಲ. ಅವತ್ತು ಬಂತು. “ತಮ್ಮಾ, ನಿನ್ನ ಹೇಣ್ತಿ ಹೊರಕಡಿ ಆಗೇತಿ ಅಂದ್ಳು. ಅದರ ಅರ್ಥ ಡಾಕ್ಟರಗ ಬರದು ಕೊಟ್ಟಾಂವ ನಾ. ನಾ ತಪ್ಪು ಬರದೆ. ಅವರು ಅದನ್ನ ನೋಡಿ ಬ್ಯಾರೆ ಔಷಧ ಕೊಟ್ರು. ಆಕಿ ಹ್ವಾದ್ಳು” ಅಂದೆ. ಇಷ್ಟೇ ಇತ್ತು ಹೇಳುವುದು. ಇದಕ್ಕೆ ನಾನು ಕಮಿಟಿಗೆ ಏಳು ಪುಟ ಬರೆದಿದ್ದೆ.

ಅವನು ಬೈಯುತ್ತಾನೆಂದು ಕಾದೆ. ಕೈಯಲ್ಲಿದ್ದ ಸುಣ್ಣದ ಬಟ್ಟಲನ್ನು ಕಟ್ಟೆಯ ಮೇಲಿಟ್ಟ. “ಹಂಗಾರ ಆಕಿ ಬರೋಬರಿ ಹೇಳಿದ್ಳು ಅನ್ರಿ” ಅಂದ.

ಹೌದು, ಬರೋಬರಿ ಹೇಳಿದ್ದಳು ಎಂದೆ.

“ಎಲ್ಲಾರೂ ಆಕಿಗೆ ಹೇಳಾಕ ಬರಲಿಲ್ಲ ಅಂದ್ರು. ನಾನೂ ಅಂದ್ಯಾ. ಹೆಣದ ಮುಂದ ಕುಂತು ಅಂದ್ಯಾ, ಬಾಯಿ ಸತ್ತಾಕಿ, ಎರಡು ಮಾತು ನೆಟ್ಟಗ ಆಡಾಕ ಬರಲಿಲ್ಲ ನಿನಗ ಅಂತ.”

ಒಳಗಿನಿಂದ ತನ್ನ ತಾಯಿಯನ್ನು ಕರೆದ. ಸಾಹೇಬ್ರ, ಈಗ ಅಂದದ್ದನ್ನ ಇನ್ನೊಮ್ಮೆ ಅನ್ರಿ ಎಂದ. ಅಂದೆ. ಪಕ್ಕದ ಮನೆಯವರನ್ನು ಕರೆದ. ಮತ್ತೆ ಹೇಳಿಸಿದ. ಭೇದಿಯಲ್ಲಿ ಬಿದ್ದು ಎದ್ದ ನಾಲ್ವರೂ ಬಂದರು, ಗುಡಿಯ ಕಟ್ಟೆಯ ಮೇಲಿದ್ದವರು ಬಂದರು. ಒಬ್ಬೊಬ್ಬರು ಬಂದಾಗಲೂ ಮೊದಲಿನಿಂದ ಹೇಳಿಸಿದ, ಆಕೆ ಅಂದ ಮಾತು ಯಾವುದು, ನಾನು ಬರೆದದ್ದು ಯಾವುದು, ಎರಡನ್ನೂ. ಇಳಕಲ್ಲಿಗೆ ಬರುವ ಬಸ್ಸು ಹೋಯಿತು. ಯಾರೂ ನನಗೆ ಕೂಡಿರಿ ಎನ್ನಲಿಲ್ಲ, ನೀರು ಬೇಕೇ ಎಂದು ಕೇಳಲಿಲ್ಲ. ನಾನು ನಿಂತುಕೊಂಡೇ ಹೇಳಿದೆ.

ವಾಸುದೇವ